ಒಂದು ಎಲೆಕ್ಟ್ರಾನಿನ ಬಿಸಿಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ಸರ, ನಮಸ್ಕಾರ್ರೀ. ನಾನು ಹುಬ್ಬಳ್ಳಿಯೊಳಗ ಇಪ್ಪತ್ತೆರಡು ವರ್ಷದಿಂದ ಫ್ರಿಜ್ಜು, ಎ.ಸಿ. ರಿಪೇರಿ ಮಾಡ್ಕೋತ ಬಂದೀನ್ರಿ. ಮಗ ಇಂಜಿನಿಯರಿಂಗ್ ಓದಾಕತ್ತಾನ. ಮೊನ್ನೆ ಊಟಕ್ಕ ಕುಂತಾಗ ಅವಾ ಹೇಳಿದ, ಕ್ವಾಂಟಂ ಕಂಪ್ಯೂಟರ್ ಇಡೋ ಫ್ರಿಜ್ಜು ಮೈನಸ್ 273 ಡಿಗ್ರಿ ತನಕ ಹೋಗ್ತೈತಿ, ಅದರಾಗ ಒಂದೊಂದು ಎಲೆಕ್ಟ್ರಾನಿನ ಬಿಸಿ ಅಳೀತಾರ ಅಂತ. ನನಗ ಮೂರು ಸಂಶಯ ಅದಾವ್ರಿ. ಅಷ್ಟು ಥಂಡಿಯೊಳಗ ಯಾವ ಗ್ಯಾಸ್ ಆದ್ರೂ ಗಟ್ಟಿ ಆಗಿಬಿಡ್ತೈತಿ, ಹಂಗಾದ್ರ ಅದರಾಗ ಏನು ತಿರಗ್ತೈತಿ? ಥರ್ಮಾಮೀಟರ್ ಇಟ್ರ ಅದರ ಬಿಸೀನ ಒಳಗ ಹೋಗಂಗಿಲ್ಲೇನು? ಮತ್ತ, ಒಂದು ಎಲೆಕ್ಟ್ರಾನಿನ ಬಿಸಿ ಅಳದು ಯಾರಿಗೆ ಏನು ಆಗಬೇಕಾಗೈತಿ? ಸಿಟ್ಟಾಗಬ್ಯಾಡ್ರಿ, ತಿಳಕೊಳ್ಳಾಕ ಕೇಳಾಕತ್ತೀನಿ. ಅಂಥಾ ಫ್ರಿಜ್ಜು ಕಣ್ಣಿಂದ ನೋಡಾಕ ಸಿಗ್ತೈತೇನು ಅದನ್ನೂ ಹೇಳ್ರಿ.

ಉತ್ತರ: ಸಿಟ್ಟಾಗುವ ಮಾತೇ ಇಲ್ಲ. ನಿಮ್ಮ ಎರಡನೆಯ ಸಂಶಯ ಇದೆಯಲ್ಲ, ಥರ್ಮಾಮೀಟರಿನ ಬಿಸಿಯೇ ಒಳಗೆ ಹೋಗುವುದಿಲ್ಲವೇ ಎಂಬುದು, ಅದರ ಬೆನ್ನು ಹತ್ತಿಯೇ ನನ್ನ ವಯಸ್ಸಿನ ಆರು ವರ್ಷ ಕಳೆದಿವೆ. ಧಾರವಾಡಕ್ಕೆ ಪಾಠ ಹೇಳಲು ಬರುವ ಮೊದಲು ನಾನು ವಿದೇಶದ ಒಂದು ಅತಿಶೀತ ಪ್ರಯೋಗಾಲಯದಲ್ಲಿದ್ದೆ. ಫ್ರಿಜ್ಜಿನ ಹೊಟ್ಟೆಯೊಳಗೆ ಕೈ ಹಾಕಿ ಬಲ್ಲವರಿಗೇ ಇಂಥ ಸಂಶಯ ಹುಟ್ಟುವುದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಳತೆಪಟ್ಟಿಯ ಮಾತು. ಮೈನಸ್ 273.15 ಡಿಗ್ರಿ ಸೆಲ್ಸಿಯಸ್ಸಿಗೆ ನಾವು ಸೊನ್ನೆ ಕೆಲ್ವಿನ್ ಎನ್ನುತ್ತೇವೆ. ತಣ್ಣಗಾಗುವುದಕ್ಕೆ ಅದೇ ಕೊನೆಯ ಗೆರೆ, ಅದನ್ನು ಮುಟ್ಟಲೂ ಆಗುವುದಿಲ್ಲ, ಹತ್ತಿರ ಹೋಗಬಹುದು ಅಷ್ಟೆ. 38 ಡಿಗ್ರಿ ಬಿಸಿಲಿನ ಹುಬ್ಬಳ್ಳಿಯ ಮಧ್ಯಾಹ್ನ ಎಂದರೆ ಸುಮಾರು 311 ಕೆಲ್ವಿನ್. ನೀವು ರಿಪೇರಿ ಮಾಡುವ ಫ್ರಿಜ್ಜಿನ ಫ್ರೀಜರ್ ಮೈನಸ್ 18, ಅಂದರೆ 255 ಕೆಲ್ವಿನ್. ನಿಮ್ಮ ಮಗ ಹೇಳಿದ ಫ್ರಿಜ್ಜು 0.01 ಕೆಲ್ವಿನ್, ಅಂದರೆ 10 ಮಿಲಿಕೆಲ್ವಿನ್. ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 272.15ಕ್ಕೂ ಮೈನಸ್ 273.14ಕ್ಕೂ ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ. ಕೆಲ್ವಿನ್ ಲೆಕ್ಕದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ನೂರು ಪಟ್ಟು ಬಿಸಿ. ಈ ನೂರು ಪಟ್ಟನ್ನು ಇಳಿಯುವುದರಲ್ಲೇ ನಮ್ಮ ಕಷ್ಟವೆಲ್ಲ ಇರುವುದು.

ಗ್ಯಾಸ್ ಗಟ್ಟಿಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುತ್ತದೆ, ಒಂದನ್ನು ಬಿಟ್ಟು. ನೀವು ಫ್ರಿಜ್ಜಿಗೆ ತುಂಬುವ ಆರ್-134ಎ, ಆರ್-600ಎ, ಗಾಳಿ, ಹೈಡ್ರೋಜನ್ ಎಲ್ಲವೂ ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಕಲ್ಲಾಗಿರುತ್ತವೆ. ಹೀಲಿಯಂ ಮಾತ್ರ ಸಾಧಾರಣ ಒತ್ತಡದಲ್ಲಿ ಎಷ್ಟು ತಣ್ಣಗೆ ಮಾಡಿದರೂ ದ್ರವವಾಗಿಯೇ ಉಳಿಯುತ್ತದೆ. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ಕಾಮರ್ಲಿಂಗ್ ಓನೆಸ್ 1908ರ ಜುಲೈ 10ರಂದು ಅದನ್ನು ಮೊದಲ ಸಲ ದ್ರವ ಮಾಡಿದರು. ಅದು ಕುದಿಯುವುದು 4.2 ಕೆಲ್ವಿನ್ನಿನಲ್ಲಿ. ಈ ಹೀಲಿಯಮ್ಮಿನ ಕಥೆಯಲ್ಲಿ ನಮ್ಮ ಪಕ್ಕದ ನಾಡೂ ಬರುತ್ತದೆ ಎಂಬುದು ನನಗೆ ಹೆಮ್ಮೆಯ ಸಂಗತಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದು, ಸೂರ್ಯನ ಅಂಚಿನಿಂದೇಳುವ ಜ್ವಾಲೆಗಳ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ನೋಡಿದರು. ಆ ವರ್ಷದ ಅಂಥ ಅವಲೋಕನಗಳಲ್ಲಿ ಕಂಡ ಒಂದು ಹಳದಿ ಗೆರೆಯಿಂದಲೇ ಹೀಲಿಯಂ ಎಂಬ ಹೊಸ ಧಾತುವಿನ ಸುಳಿವು ಸಿಕ್ಕಿದ್ದು.

ಇನ್ನು ತಣ್ಣಗೆ ಮಾಡುವ ಬಗೆ. ನಿಮ್ಮ ಫ್ರಿಜ್ಜಿನ ಇವಾಪೊರೇಟರಿನಲ್ಲಿ ದ್ರವ ಆವಿಯಾಗುತ್ತದೆ, ಆಗುವಾಗ ಸುತ್ತಲಿನ ಶಾಖ ಹೀರುತ್ತದೆ, ಆ ಆವಿಯನ್ನು ಕಂಪ್ರೆಸರ್ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಪಡಸಾಲೆಯ ಮೂಲೆಗೆ ಇಡುವ ಹರವಿ ಮಾಡುವುದೂ ಅದನ್ನೇ. ಹರವಿಯ ನೀರಿನಲ್ಲಿ ಎಲ್ಲ ಕಣಗಳೂ ಒಂದೇ ವೇಗದಲ್ಲಿ ಇರುವುದಿಲ್ಲ. ತೀರ ಚುರುಕಾದವು ಮಣ್ಣಿನ ಮೈಯಿಂದ ಜಿನುಗಿ ಹಾರಿಹೋಗುತ್ತವೆ, ಉಳಿದವುಗಳ ಸರಾಸರಿ ಇಳಿಯುತ್ತದೆ, ನೀರು ತಣ್ಣಗಾಗುತ್ತದೆ. ಈ ಹರವಿಯ ಚಿತ್ರ ಮನಸ್ಸಿನಲ್ಲಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

ದ್ರವ ಹೀಲಿಯಮ್ಮಿನ ಮೇಲಿನ ಆವಿಯನ್ನು ಪಂಪಿನಿಂದ ಎಳೆಯುತ್ತಾ ಹೋದರೆ ಸುಮಾರು 1 ಕೆಲ್ವಿನ್‌ವರೆಗೆ ಇಳಿಯಬಹುದು. ಹೀಲಿಯಮ್ಮಿನದೇ ಹಗುರವಾದ ಇನ್ನೊಂದು ಬಗೆಯಿದೆ, ಹೀಲಿಯಂ-3 ಎಂದು. ಅದು ಬಲು ದುಬಾರಿ, ಬಲು ವಿರಳ. ಅದನ್ನು ಎಳೆದರೆ 0.3 ಕೆಲ್ವಿನ್‌ವರೆಗೆ ಹೋಗಬಹುದು. ಆಮೇಲೆ ಎಳೆಯಲು ಆವಿಯೇ ಇರುವುದಿಲ್ಲ, ಪಂಪು ಸುಮ್ಮನೆ ತಿರುಗುತ್ತದೆ. ಇಲ್ಲಿಂದ ಮುಂದಕ್ಕೆ ದಾರಿ ತೋರಿಸಿದವರು ಭೌತವಿಜ್ಞಾನಿ ಹೈಂಜ್ ಲಂಡನ್. 1951ರಲ್ಲಿ ಅವರು ಕೊಟ್ಟ ಸೂಚನೆ 1964ರಲ್ಲಿ ಅದೇ ಲೈಡನ್ನಿನಲ್ಲಿ ಯಂತ್ರವಾಯಿತು. ಎರಡೂ ಬಗೆಯ ಹೀಲಿಯಂ ಬೆರೆಸಿ 0.87 ಕೆಲ್ವಿನ್ನಿಗಿಂತ ಕೆಳಗೆ ತಂದರೆ ಮಿಶ್ರಣ ಎಣ್ಣೆ-ನೀರಿನ ಹಾಗೆ ಎರಡು ಪದರವಾಗುತ್ತದೆ. ಮೇಲಿನದು ಬಹುಪಾಲು ಹೀಲಿಯಂ-3. ಕೆಳಗಿನದು ಹೀಲಿಯಂ-4, ಆದರೆ ಅದರೊಳಗೆ ಎಷ್ಟೇ ತಣ್ಣಗಾದರೂ ನೂರಕ್ಕೆ ಸುಮಾರು ಆರೂವರೆಯಷ್ಟು ಹೀಲಿಯಂ-3 ಕರಗಿಯೇ ಇರುತ್ತದೆ. ಕೆಳಗಿನ ಪದರದಿಂದ ಹೀಲಿಯಂ-3ನ್ನು ಕೊಳವೆಯಲ್ಲಿ ಎಳೆದುಕೊಂಡರೆ ಆ ಆರೂವರೆಯ ಕೊರತೆ ತುಂಬಲು ಮೇಲಿನ ಪದರದ ಕಣಗಳು ಕೆಳಕ್ಕೆ ದಾಟುತ್ತವೆ. ದಾಟುವಾಗ ಶಾಖ ಹೀರುತ್ತವೆ. ಮೇಲಕ್ಕೆ ಹಾರುವ ಬದಲು ಕೆಳಕ್ಕೆ ಆವಿಯಾದಂತೆ! ಎಳೆದ ಹೀಲಿಯಮ್ಮನ್ನು ಪಂಪು ಮತ್ತೆ ಮೇಲಿನ ಪದರಕ್ಕೆ ತಂದು ಬಿಡುತ್ತದೆ. ಒಮ್ಮೆ ಚಾರ್ಜ್ ಮಾಡಿದ ಗ್ಯಾಸ್ ಸುತ್ತುತ್ತಲೇ ಇರುತ್ತದೆ, ನಿಮ್ಮ ಫ್ರಿಜ್ಜಿನ ಹಾಗೆಯೇ. ಲೀಕ್ ಆದರೆ ಮಾತ್ರ ಎದೆ ಒಡೆಯುತ್ತದೆ.

ಆದರೆ ಅದರ ಶಕ್ತಿ ನೋಡಿ. ನೀವು ಕೂಡಿಸುವ ಒಂದು ಟನ್ನಿನ ಎ.ಸಿ. ಕೋಣೆಯಿಂದ 3,500 ವಾಟ್ ಶಾಖ ಎತ್ತಿ ಹೊರಗೆ ಹಾಕುತ್ತದೆ. ಪ್ರಯೋಗಾಲಯದ ಈ ಯಂತ್ರ 100 ಮಿಲಿಕೆಲ್ವಿನ್ನಿನಲ್ಲಿ ಎತ್ತುವುದು ಕೆಲವು ನೂರು ಮೈಕ್ರೊವಾಟ್ (ವಾಟಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೊವಾಟ್), 10 ಮಿಲಿಕೆಲ್ವಿನ್ನಿನ ಹತ್ತಿರ ಅದೂ ಇಲ್ಲ. ಹಾಗಾಗಿ ಒಳಗೆ ಹೋಗುವ ಒಂದೊಂದು ತಂತಿಯ ಲೆಕ್ಕವೂ ಬೇಕು.

ಈಗ ನಿಮ್ಮ ಎರಡನೆಯ ಸಂಶಯಕ್ಕೆ ಬಂದೆ. ನನ್ನ ಮೊದಲ ವರ್ಷದ ಒಂದು ಘಟನೆ ಹೇಳಿದರೆ ಅದು ಚೆನ್ನಾಗಿ ತಿಳಿಯುತ್ತದೆ.

ಬೆರಳುಗುರಿನಷ್ಟು ದೊಡ್ಡ ಸಿಲಿಕಾನ್ ಚಿಪ್ಪಿನ ಮೇಲೆ ನಾನು ಒಂದು ತಾಮ್ರದ ಪಟ್ಟಿ ಮಾಡಿದ್ದೆ. ಉದ್ದ 1 ಮೈಕ್ರೊಮೀಟರ್, ಅಗಲ ಅದರ ಐದನೇ ಒಂದು ಪಾಲು, ದಪ್ಪ ಇಪ್ಪತ್ತನೇ ಒಂದು ಪಾಲು. ತಲೆಗೂದಲಿನ ಅಡ್ಡಗಲದಲ್ಲಿ ಇಂಥ ಐವತ್ತರವತ್ತು ಪಟ್ಟಿಗಳನ್ನು ಒಂದರ ಮುಂದೊಂದು ಉದ್ದಕ್ಕೆ ಮಲಗಿಸಬಹುದು. ಅಷ್ಟರಲ್ಲೂ ಸುಮಾರು 85 ಕೋಟಿ ಬಿಡು ಎಲೆಕ್ಟ್ರಾನುಗಳಿರುತ್ತವೆ. ಚಿಪ್ಪನ್ನು ಕೂಡಿಸಿದ್ದ ತಾಮ್ರದ ತಟ್ಟೆಯ ಥರ್ಮಾಮೀಟರ್ 12 ಮಿಲಿಕೆಲ್ವಿನ್ ತೋರಿಸುತ್ತಿತ್ತು. ಪಟ್ಟಿಯೊಳಗಿನ ಎಲೆಕ್ಟ್ರಾನುಗಳನ್ನು ಅಳೆದರೆ 100! ಒಂದೇ ಲೋಹ, ಒಂದೇ ಜಾಗ, ಎರಡು ಉಷ್ಣತೆ. ಮೂರು ವಾರ ಹುಡುಕಿದೆ. ಮೀಟರ್ ಬದಲಿಸಿದೆ, ಚಿಪ್ ಬದಲಿಸಿದೆ. ಕೊನೆಗೆ ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರು ಯಂತ್ರ ಬಿಚ್ಚಿಸಿ, ತಾಮ್ರದ ಪುಡಿ ತುಂಬಿದ ಒಂದು ಪುಟ್ಟ ಫಿಲ್ಟರ್ ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟು ಅಲ್ಲಾಡಿಸಿದರು. ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ನಾನು ಪೂರ್ತಿ ಬಿಗಿ ಮಾಡಿರಲಿಲ್ಲ. ಆ ಸಂದಿನಲ್ಲಿ ಹೊರಗಿನ ಬೆಚ್ಚಗಿನ ಕೋಣೆಯ ವಿಕಿರಣ ನುಗ್ಗಿ, ತಂತಿ ಹಿಡಿದು ಕೆಳಗಿಳಿದು, ಎಲೆಕ್ಟ್ರಾನುಗಳನ್ನು ಕಾಯಿಸುತ್ತಿತ್ತು.

ಎಷ್ಟು ಶಾಖ ಬೇಕು ಅದಕ್ಕೆ? ಒಂದು ವಾಟನ್ನು ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೊಂದನ್ನು ಐವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಸಾಕು. ಕಾರಣ ಹೀಗೆ. ಲೋಹದಲ್ಲಿ ಎರಡು ಜನಾಂಗ ಒಟ್ಟಿಗೆ ಬಾಳುತ್ತವೆ: ತಮ್ಮ ತಮ್ಮ ಜಾಗದಲ್ಲಿ ನಿಂತು ನಡುಗುವ ಪರಮಾಣುಗಳು, ಅವುಗಳ ನಡುವೆ ಓಡಾಡುವ ಎಲೆಕ್ಟ್ರಾನುಗಳು. ನಮ್ಮ ಬಿಸಿಲಿನಲ್ಲಿ ಇವೆರಡೂ ಕ್ಷಣಾರ್ಧದಲ್ಲಿ ಶಾಖ ಹಂಚಿಕೊಳ್ಳುತ್ತವೆ, ಬೇರೆ ಬೇರೆ ಉಷ್ಣತೆಯ ಮಾತೇ ಬರುವುದಿಲ್ಲ. ಚಳಿ ಏರಿದಂತೆ ಆ ಸಂಬಂಧ ಕಳಚುತ್ತದೆ. ಎಲೆಕ್ಟ್ರಾನುಗಳು ಪರಮಾಣುಗಳಿಗೆ ಶಾಖ ಒಪ್ಪಿಸುವ ವೇಗ ಉಷ್ಣತೆಯ ಐದನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಉಷ್ಣತೆ ಅರ್ಧವಾದರೆ ಶಾಖದ ಹರಿವು 32ರಲ್ಲಿ ಒಂದು ಪಾಲು. ಹತ್ತನೇ ಒಂದಾದರೆ ಲಕ್ಷದಲ್ಲಿ ಒಂದು ಪಾಲು. ಹಾಗಾಗಿ ತಟ್ಟೆ ಎಷ್ಟೇ ತಣ್ಣಗಿರಲಿ, ಎಲೆಕ್ಟ್ರಾನುಗಳು ತಮ್ಮ ಬಿಸಿಯಲ್ಲಿ ತಾವಿರುತ್ತವೆ.

ಅಂದು ನನಗೆ ಇದು ತೊಂದರೆಯಾಗಿ ಕಂಡಿತು. ಆಮೇಲೆ ತಿಳಿಯಿತು, ಇದೇ ನಮ್ಮ ದೊಡ್ಡ ಆಸ್ತಿ ಎಂದು. ಎಲೆಕ್ಟ್ರಾನುಗಳ ಗುಂಪು ಸುತ್ತಲಿನಿಂದ ಬೇರ್ಪಟ್ಟು ತಾನೇ ಒಂದು ಪುಟ್ಟ ಪಾತ್ರೆಯಾಗುತ್ತದೆ. ಅದಕ್ಕೆ ಒಂದು ಚಿಟಿಕೆ ಶಾಖ ಹಾಕಿದರೆ ಅದು ಸೋರಿಹೋಗುವ ಮೊದಲು ಅಳೆಯಲು ಬಿಡುವು ಸಿಗುತ್ತದೆ. ನಮಗೆ ಇಷ್ಟು ಚಳಿ ಬೇಕಾಗುವುದು ಈ ಬಿಡುವಿಗಾಗಿ.

ಅಳೆಯುವ ಉಪಾಯ ನಿಮಗೆ ಹೊಸದಲ್ಲ. ಗ್ಯಾಸ್ ಚಾರ್ಜ್ ಮಾಡುವಾಗ ಕೊಳವೆಯೊಳಗೆ ಥರ್ಮಾಮೀಟರ್ ತೂರಿಸುತ್ತೀರಾ? ಇಲ್ಲ. ಗೇಜಿನಲ್ಲಿ ಒತ್ತಡ ನೋಡುತ್ತೀರಿ, ಅದರ ಪಕ್ಕದ ಸುತ್ತಿನಲ್ಲೇ ಉಷ್ಣತೆ ಅಚ್ಚಾಗಿರುತ್ತದೆ. ನಾವೂ ಒಂದನ್ನು ನೋಡಿ ಇನ್ನೊಂದನ್ನು ಓದುತ್ತೇವೆ. ತಾಮ್ರದ ಪಟ್ಟಿಗೆ ಅಲ್ಯೂಮಿನಿಯಂ ತಂತಿಯೊಂದನ್ನು ತಾಗಿಸುತ್ತೇವೆ, ನಡುವೆ ನ್ಯಾನೊಮೀಟರ್ ದಪ್ಪದ ಅಲ್ಯೂಮಿನಿಯಂ ಆಕ್ಸೈಡಿನ ಪೊರೆ. ಆ ಪೊರೆ ವಿದ್ಯುತ್ ಹರಿಸುವ ವಸ್ತುವಲ್ಲ, ಆದರೂ ಅಷ್ಟು ತೆಳುವಾಗಿರುವುದರಿಂದ ಎಲೆಕ್ಟ್ರಾನುಗಳು ಕ್ವಾಂಟಂ ನಿಯಮದಂತೆ ಅದರೊಳಗಿಂದ ಸುರಂಗ ಕೊರೆದಂತೆ ದಾಟುತ್ತವೆ. ಅಲ್ಯೂಮಿನಿಯಂ ಸುಮಾರು 1.2 ಕೆಲ್ವಿನ್ನಿಗಿಂತ ಕೆಳಗೆ ಅತಿವಾಹಕ, ಅಂದರೆ ಕರೆಂಟನ್ನು ಕೊಂಚವೂ ತಡೆಯದ ವಸ್ತು. ಅತಿವಾಹಕದ ಬಾಗಿಲಿಗೆ ಎತ್ತರದ ಹೊಸ್ತಿಲಿರುತ್ತದೆ: ಇಷ್ಟು ಶಕ್ತಿ ಇದ್ದ ಎಲೆಕ್ಟ್ರಾನಿಗೆ ಮಾತ್ರ ಒಳಗೆ ಪ್ರವೇಶ. ತಾಮ್ರದ ಎಲೆಕ್ಟ್ರಾನುಗಳು ಬೆಚ್ಚಗಿದ್ದರೆ ಹೆಚ್ಚು ಎಲೆಕ್ಟ್ರಾನುಗಳು ಹೊಸ್ತಿಲು ದಾಟುತ್ತವೆ, ತಣ್ಣಗಿದ್ದರೆ ಕಡಿಮೆ. ದಾಟುವ ಆ ಸಣ್ಣ ಕರೆಂಟನ್ನು ನೋಡಿ ಉಷ್ಣತೆ ಓದುತ್ತೇವೆ. ಕರೆಂಟು ಎಷ್ಟು ಕಡಿಮೆಯಿದ್ದರೆ ಅಳತೆಯಿಂದ ಹೋಗುವ ಶಾಖವೂ ಅಷ್ಟು ಕಡಿಮೆ. ನಿಮ್ಮ ಸಂಶಯ ಪೂರ್ತಿ ಹೋಗುವುದಿಲ್ಲ, ಅಳತೆ ಯಾವಾಗಲೂ ಸ್ವಲ್ಪ ಕೆಡಿಸಿಯೇ ಕೆಡಿಸುತ್ತದೆ. ಆ ಕೆಡುಕು ಎಷ್ಟು ಎಂದು ಗೊತ್ತಿರುವಷ್ಟು ಸಣ್ಣದಾಗಿಡುವುದೇ ನಮ್ಮ ಕಸುಬು.

ಇಲ್ಲಿ ಹರವಿ ಮತ್ತೆ ಬರುತ್ತದೆ. ಹೊಸ್ತಿಲು ದಾಟಿ ಹೋಗುವವು ಯಾರು? ತಾಮ್ರದೊಳಗಿನ ತೀರ ಚುರುಕಾದ ಎಲೆಕ್ಟ್ರಾನುಗಳು. ವೋಲ್ಟೇಜನ್ನು ಹೊಸ್ತಿಲಿನ ಎತ್ತರಕ್ಕೆ ಸರಿಯಾಗಿ ಹೊಂದಿಸಿ ಅವನ್ನು ಸತತವಾಗಿ ಹೊರಗೆ ಬಿಟ್ಟರೆ ಉಳಿದವು ತಣ್ಣಗಾಗುತ್ತವೆ. ಮೀಟರಾಗಿದ್ದ ಅದೇ ಬಾಗಿಲು ಈಗ ಫ್ರಿಜ್ಜಾಯಿತು! 1994ರಲ್ಲಿ ಇದನ್ನು ಮೊದಲು ತೋರಿಸಿದರು. 1996ರಲ್ಲಿ ಫಿನ್ಲೆಂಡಿನ ಯುಕ್ಕಾ ಪೆಕೊಲಾ ಮತ್ತು ಸಂಗಡಿಗರು ತಾಮ್ರದ ಎರಡು ತುದಿಗೂ ಇಂಥ ಬಾಗಿಲಿಟ್ಟು ಎಲೆಕ್ಟ್ರಾನುಗಳನ್ನು 300 ಮಿಲಿಕೆಲ್ವಿನ್ನಿನಿಂದ ಸುಮಾರು 100ಕ್ಕೆ ಇಳಿಸಿದರು. ಚಲಿಸುವ ಭಾಗ ಒಂದೂ ಇಲ್ಲ, ಗ್ಯಾಸ್ ಇಲ್ಲ, ಇಡೀ ಫ್ರಿಜ್ಜು ಕಣ್ಣಿಗೆ ಕಾಣುವುದಿಲ್ಲ.

ಒಂದು ತಿದ್ದುಪಡಿ ಮಾಡಬೇಕು, ನಿಮ್ಮ ಮಗನಿಗೂ ಹೇಳಿ. ಒಂಟಿ ಎಲೆಕ್ಟ್ರಾನಿಗೆ ಉಷ್ಣತೆ ಎಂಬುದಿಲ್ಲ. ಉಷ್ಣತೆ ಗುಂಪಿನ ಗುಣ. ಆದರೆ ಒಂದು ಎಲೆಕ್ಟ್ರಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗ ಗುಂಪಿನಿಂದ ಇಷ್ಟು ಶಾಖ ತೆಗೆದುಕೊಂಡಿತು, ಇಷ್ಟು ಕೊಟ್ಟಿತು ಎಂದು ಲೆಕ್ಕ ಹಾಕಬಹುದು. ಅದಕ್ಕೆ ಎಲೆಕ್ಟ್ರಾನುಗಳು ಒಂದೊಂದಾಗಿ ದಾಟುವಂತೆ ಮಾಡಬೇಕು. ನಮ್ಮ ಚಿಗರಿ ಬಸ್ ನಿಲ್ದಾಣದ ಗೇಟಿನಲ್ಲಿ ಟಿಕೆಟ್ ತೋರಿಸಿ ಒಬ್ಬೊಬ್ಬರೇ ಒಳಗೆ ಹೋಗುವ ಹಾಗೆ. ಲೋಹದ ತುಣುಕನ್ನು ಸಾಕಷ್ಟು ಸಣ್ಣದು ಮಾಡಿದರೆ ಅದರೊಳಗೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ತುಂಬಲೂ ಶಕ್ತಿ ತೆರಬೇಕು, ಏಕೆಂದರೆ ಒಳಗಿರುವವು ಹೊಸಬನನ್ನು ಹೊರಗೆ ನೂಕುತ್ತವೆ. ವಿದ್ಯುತ್ ತುಂಬಿಕೊಳ್ಳುವ ಅಳವಿಗೆ ಧಾರಣೆ ಎನ್ನುತ್ತೇವೆ; ಬರೀ ಒಂದು ಫೆಮ್ಟೊಫ್ಯಾರಡ್ ಧಾರಣೆಯ ತುಣುಕಿಗೆ ಆ ಶಕ್ತಿಯನ್ನು ಉಷ್ಣತೆಯ ಲೆಕ್ಕಕ್ಕೆ ತಂದರೆ ಸುಮಾರು 0.9 ಕೆಲ್ವಿನ್. ಹುಬ್ಬಳ್ಳಿಯ 311 ಕೆಲ್ವಿನ್ನಿನ ನೂಕುನುಗ್ಗಲಿನಲ್ಲಿ ಈ ಗೇಟು ಇದ್ದರೂ ಇಲ್ಲದಂತೆ. 0.1 ಕೆಲ್ವಿನ್ನಿನಲ್ಲಿ ಅದು ಉಕ್ಕಿನ ಗೇಟು. ಒಂದು ಎಲೆಕ್ಟ್ರಾನ್ ಒಳಗೆ ಬಂತೋ ಹೊರಗೆ ಹೋಯಿತೋ ಎಂದು ಪಕ್ಕದ ಇನ್ನೊಂದು ಸೂಕ್ಷ್ಮ ಟ್ರಾನ್ಸಿಸ್ಟರ್ ಎಣಿಸಿ ಹೇಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಜಿಗಿಯುತ್ತದೆ, ಮೆಟ್ಟಿಲಿನ ಹಾಗೆ. ಒಂದೊಂದು ಮೆಟ್ಟಿಲೂ ಒಂದೊಂದು ಎಲೆಕ್ಟ್ರಾನ್. ಅದನ್ನು ಮೊದಲ ಸಲ ಕಂಡ ರಾತ್ರಿ ನಾನು ಕೋಣೆಗೆ ಹೋಗಿ ಮಲಗಲಿಲ್ಲ, ಬೆಳಗಾಗುವವರೆಗೆ ಆ ಗೆರೆಯನ್ನೇ ನೋಡುತ್ತ ಕೂತಿದ್ದೆ.

ಇದನ್ನೆಲ್ಲ ಮಾಡಿ ಏನಾಗಬೇಕು? ಮೂರನೆಯ ಪ್ರಶ್ನೆ. ಉತ್ತರ 1867ರಿಂದ ಶುರುವಾಗುತ್ತದೆ.

ಆ ವರ್ಷ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗೆಳೆಯ ಟೇಟ್‌ಗೆ ಬರೆದ ಪತ್ರದಲ್ಲಿ ಒಂದು ಒಗಟು ಮುಂದಿಟ್ಟರು. ಗಾಳಿ ತುಂಬಿದ ಪೆಟ್ಟಿಗೆ, ನಡುವೆ ಗೋಡೆ, ಗೋಡೆಯಲ್ಲಿ ಒಂದು ಕಿರುಬಾಗಿಲು, ಅದನ್ನು ಕಾಯುವ ಒಂದು ಪುಟ್ಟ ಜೀವ. ಅದು ವೇಗದ ಕಣಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಡುತ್ತದೆ. ಹೀಗಾದರೆ ಕಂಪ್ರೆಸರ್ ಇಲ್ಲದೆ, ಕರೆಂಟ್ ಬಿಲ್ಲಿಲ್ಲದೆ, ಒಂದು ಕಡೆ ಬಿಸಿ ಒಂದು ಕಡೆ ತಂಪು. ಶಾಖ ತಾನಾಗಿ ತಂಪಿನಿಂದ ಬಿಸಿಗೆ ಹರಿಯುವುದಿಲ್ಲ ಎಂಬ ನಿಯಮ ನಿಮ್ಮ ಕಸುಬಿನ ತಳಪಾಯ, ಅದೇ ಅಲ್ಲಾಡಿತು. ಮ್ಯಾಕ್ಸ್‌ವೆಲ್ಲನ ಭೂತ ಎಂದೇ ಅದಕ್ಕೆ ಹೆಸರು ಬಿತ್ತು.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನು ಕಂಡವರಿಗೆ ಇದರ ಉತ್ತರದ ಜಾಡು ಸಿಗುತ್ತದೆ. ರಾಶಿಯ ಮುಂದೆ ಕೂತ ಹೆಣ್ಣುಮಕ್ಕಳು ಬಣ್ಣಗೆಟ್ಟದ್ದು ಬೇರೆ, ಒಳ್ಳೆಯದು ಬೇರೆ ಎಂದು ಆಯುತ್ತಾರೆ. ಆಯುವುದೆಂದರೆ ಬರೀ ಕೈ ಆಡಿಸುವುದಲ್ಲ. ಒಂದೊಂದನ್ನೂ ನೋಡಬೇಕು, ಇದು ಯಾವುದು ಎಂದು ಕ್ಷಣಕಾಲವಾದರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಮುಂದಿನದಕ್ಕೆ ಹೋಗುವಾಗ ಅದನ್ನು ಮರೆಯಬೇಕು. ಆ ಕೆಲಸಕ್ಕೆ ಕೂಲಿಯಿದೆ. ಭೂತಕ್ಕೂ ಹಾಗೆಯೇ. 1929ರಲ್ಲಿ ಲಿಯೊ ಸಿಲಾರ್ಡ್ ಒಂದೇ ಕಣದ ಯಂತ್ರವೊಂದನ್ನು ಕಲ್ಪಿಸಿ, ಭೂತದ ಲಾಭವೆಲ್ಲ ಅದು ಪಡೆದ ಮಾಹಿತಿಗೆ ಕಟ್ಟಿಕೊಂಡಿದೆ ಎಂದು ತೋರಿಸಿದರು. 1961ರಲ್ಲಿ ರಾಲ್ಫ್ ಲಾಂಡವರ್ ಕೂಲಿಯ ಮೊತ್ತವನ್ನೇ ಹೇಳಿದರು: ಒಂದು ಬಿಟ್ ಮಾಹಿತಿ, ಅಂದರೆ ಹೌದೋ ಅಲ್ಲವೋ ಎಂಬಷ್ಟು ಸಂಗತಿ, ಅಳಿಸಿದಾಗಲೆಲ್ಲ ಕಡೇಪಕ್ಷ ಇಷ್ಟು ಶಾಖ ಹೊರಬರಲೇಬೇಕು. ಉಷ್ಣತೆಯನ್ನು ಶಕ್ತಿಯ ಲೆಕ್ಕಕ್ಕೆ ತರುವ ಬೋಲ್ಟ್ಸ್‌ಮನ್ ನಿಯತಾಂಕವನ್ನು ಉಷ್ಣತೆಯಿಂದ ಗುಣಿಸಿ, ಬಂದದ್ದನ್ನು 0.693ರಿಂದ ಗುಣಿಸಿದರೆ ಆ ಮೊತ್ತ. ನಮ್ಮ ಕೋಣೆಯ ಉಷ್ಣತೆಯಲ್ಲಿ ಅದು ಒಂದು ಜೂಲಿನ ಎಷ್ಟನೇ ಪಾಲೆಂದರೆ, ದಶಾಂಶ ಬಿಂದುವಿನ ಮುಂದೆ 20 ಸೊನ್ನೆ ಬರೆದು ಆಮೇಲೆ 3 ಬರೆಯಬೇಕು.

ಇಷ್ಟು ಕಾಲ ಇದು ಕಾಗದದ ಮೇಲಿನ ವಾದವಾಗಿತ್ತು. ಒಬ್ಬೊಬ್ಬರೇ ದಾಟುವ ಗೇಟು ಕೈಗೆ ಬಂದ ಮೇಲೆ ಅದನ್ನು ಮಾಡಿಯೇ ನೋಡಿದರು. 2014ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಪೆಕೊಲಾ ಅವರ ತಂಡ ಎರಡು ಲೋಹದ ತುಣುಕುಗಳ ನಡುವೆ ಒಂದು ಎಲೆಕ್ಟ್ರಾನನ್ನು ಓಡಾಡಲು ಬಿಟ್ಟು, ಅದು ಯಾವ ಕಡೆಗಿದೆ ಎಂದು ನೋಡಿ, ನೋಡಿದ ಕೂಡಲೇ ವೋಲ್ಟೇಜ್ ಬದಲಿಸಿ ಅಲ್ಲೇ ಹಿಡಿದಿತು. ಆಮೇಲೆ ನಿಧಾನವಾಗಿ ವೋಲ್ಟೇಜನ್ನು ಮೊದಲಿನಂತೆ ಮಾಡುವಾಗ ಎಲೆಕ್ಟ್ರಾನು ಸುತ್ತಲಿನಿಂದ ಶಾಖ ತೆಗೆದುಕೊಂಡು ಕೆಲಸ ಮಾಡಿಕೊಟ್ಟಿತು. ಒಂದು ಬಿಟ್ ಮಾಹಿತಿಗೆ ಲಾಂಡವರ್ ಹೇಳಿದ ಮೊತ್ತದ ಹತ್ತಿರ ಹತ್ತಿರ. ಮರುವರ್ಷ, 2015ರಲ್ಲಿ, ಇನ್ನೂ ಚೆಂದದ ಪ್ರಯೋಗ. ಈ ಸಲ ಭೂತವೂ ಅದೇ ಚಿಪ್ಪಿನ ಮೇಲಿನ ಇನ್ನೊಂದು ತುಣುಕು. ಮನುಷ್ಯರ ಕೈಯಿಲ್ಲ, ಕಂಪ್ಯೂಟರಿಲ್ಲ. ಎಲೆಕ್ಟ್ರಾನ್ ಬಂದಾಗ ಭೂತದ ತುಣುಕು ತಾನೇ ಗುರುತಿಸಿ ಬಾಗಿಲು ಹಾಕುತ್ತದೆ. ಎರಡರ ಉಷ್ಣತೆಯನ್ನೂ ಮೇಲೆ ಹೇಳಿದ ಅತಿವಾಹಕದ ಬಾಗಿಲಿನ ಗೇಜಿನಿಂದ ಅಳೆದರು. ಎಲೆಕ್ಟ್ರಾನುಗಳು ಓಡಾಡುವ ಕಡೆ ತಂಪಾಯಿತು, ಭೂತ ಬಿಸಿಯಾಯಿತು. 148 ವರ್ಷದ ಒಗಟಿಗೆ ಲೋಹದಲ್ಲಿ ಬರೆದ ಉತ್ತರ ಅದು. ಭೂತವೂ ಒಂದು ಕಂಡೆನ್ಸರ್ ಕಾಯಿಲ್ ಎಂದುಕೊಳ್ಳಿ, ಶಾಖ ಅಲ್ಲಿ ಹೊರಬೀಳುತ್ತದೆ.

ಇನ್ನೊಂದು ಸಂಗತಿ ನನಗೆ ಇಂದಿಗೂ ಸೋಜಿಗ. ದೊಡ್ಡ ವಸ್ತುವಿನಲ್ಲಿ ಶಾಖ ಬಿಸಿಯಿಂದ ತಂಪಿಗೇ ಹರಿಯುತ್ತದೆ, ತಪ್ಪುವುದಿಲ್ಲ. ಒಂದೊಂದು ಎಲೆಕ್ಟ್ರಾನಿನ ಮಟ್ಟದಲ್ಲಿ ಅದು ಕೆಲವೊಮ್ಮೆ ಹಿಂದಕ್ಕೂ ಹರಿಯುತ್ತದೆ! ಒಂದೇ ಪ್ರಯೋಗವನ್ನು ಸಾವಿರ ಸಲ ಮಾಡಿದರೆ ಸಾವಿರ ಬೇರೆ ಬೇರೆ ಲೆಕ್ಕ ಬರುತ್ತದೆ, ಕೆಲವು ಉಲ್ಟಾ. ಹಾಗೆಂದು ಅಡ್ಡಾದಿಡ್ಡಿಯಲ್ಲ. ಉಲ್ಟಾ ಬರುವವು ಎಷ್ಟು ಸಲ ಬರಬೇಕೆಂಬುದಕ್ಕೂ ನಿಯಮವಿದೆ. 1997ರಲ್ಲಿ ಕ್ರಿಸ್ಟೊಫರ್ ಜಾರ್ಜಿನ್‌ಸ್ಕಿ ಮತ್ತು 1999ರಲ್ಲಿ ಗ್ಯಾವಿನ್ ಕ್ರುಕ್ಸ್ ಅದನ್ನು ಬರೆದರು. ಒಂಟಿ ಎಲೆಕ್ಟ್ರಾನಿನ ಇಂಥ ಚಿಪ್ಪುಗಳಲ್ಲೇ 2012ರಲ್ಲಿ ಅದನ್ನು ಪರೀಕ್ಷಿಸಿದಾಗ ಲೆಕ್ಕ ಕೂಡಿಬಂತು. ಸರಾಸರಿ ತೆಗೆದರೆ ಹಳೆಯ ನಿಯಮವೇ ನಿಲ್ಲುತ್ತದೆ. ನಾನು ಹೇಳಿದ ತಾಮ್ರದ ಪಟ್ಟಿಯೂ 10 ಮಿಲಿಕೆಲ್ವಿನ್ನಿನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ, ತನ್ನಷ್ಟಕ್ಕೆ ತಾನೇ ಮಿಲಿಕೆಲ್ವಿನ್ನಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಮೇಲೆ ಕೆಳಗೆ ತೂಗುತ್ತದೆ. ಅದು ಯಂತ್ರದ ದೋಷವಲ್ಲ, ಅಷ್ಟು ಸಣ್ಣ ವಸ್ತುವಿನ ಸ್ವಭಾವ.

ಶಾಖ ಹರಿಯುವುದಕ್ಕೂ ಒಂದು ಕ್ವಾಂಟಂ ಮಿತಿಯಿದೆ. ಒಂದೇ ದಾರಿಯಲ್ಲಿ ಶಾಖ ಹೋಗುವಾಗ ಅದನ್ನು ಹೊತ್ತೊಯ್ಯುವವರು ಎಲೆಕ್ಟ್ರಾನುಗಳಿರಲಿ, ಬೆಳಕಿನ ಕಣಗಳಿರಲಿ, ಪರಮಾಣುಗಳ ನಡುಕವಿರಲಿ, ಗರಿಷ್ಠ ಮಿತಿ ಎಲ್ಲರಿಗೂ ಒಂದೇ: ಒಂದು ಕೆಲ್ವಿನ್ ಉಷ್ಣತೆಯಲ್ಲಿ, ಒಂದು ಕೆಲ್ವಿನ್ ವ್ಯತ್ಯಾಸಕ್ಕೆ ಸುಮಾರು 0.95 ಪಿಕೊವಾಟ್ (ವಾಟಿನ ಲಕ್ಷ ಕೋಟಿಯ ಒಂದು ಪಾಲು ಒಂದು ಪಿಕೊವಾಟ್). ನಡುಕದ ದಾರಿಯಲ್ಲಿ 2000ದಲ್ಲಿ, ಬೆಳಕಿನ ಕಣಗಳ ದಾರಿಯಲ್ಲಿ 2006ರಲ್ಲಿ, ಎಲೆಕ್ಟ್ರಾನುಗಳ ದಾರಿಯಲ್ಲಿ 2013ರಲ್ಲಿ ಇದನ್ನು ಅಳೆದರು. 2006ರ ಪ್ರಯೋಗ ನಿಮಗೆ ಹಿಡಿಸುತ್ತದೆ. ಎರಡು ಲೋಹದ ತುಂಡುಗಳನ್ನು ಅತಿವಾಹಕ ತಂತಿಯಿಂದ ಜೋಡಿಸಿದರು. ಅತಿವಾಹಕ ಕರೆಂಟನ್ನು ತಡೆಯಿಲ್ಲದೆ ಬಿಡುತ್ತದೆ, ಅಷ್ಟು ಚಳಿಯಲ್ಲಿ ಎಲೆಕ್ಟ್ರಾನುಗಳ ಶಾಖವನ್ನು ಮಾತ್ರ ಬಿಡುವುದೇ ಇಲ್ಲ. ಆದರೂ ಶಾಖ ಒಂದರಿಂದ ಒಂದಕ್ಕೆ ಹೋಯಿತು, ತಂತಿಗುಂಟ ಕಣ್ಣಿಗೆ ಕಾಣದ ಬೆಳಕಾದ ಮೈಕ್ರೊವೇವಿನ ಕಣಗಳಾಗಿ. ಪಕ್ಕದಲ್ಲಿ ಅಯಸ್ಕಾಂತ ಕ್ಷೇತ್ರ ಬದಲಿಸಿ ಆ ಹರಿವನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು. ಶಾಖಕ್ಕೆ ಒಂದು ನಲ್ಲಿ!

ಉಪಯೋಗ ಎಂದು ಕೇಳಿದಿರಿ. ಇಂಥ ಫ್ರಿಜ್ಜಿನಲ್ಲಿಡುವ ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಘಟಕಕ್ಕೆ ಕ್ಯೂಬಿಟ್ ಎಂದು ಹೆಸರು; ಅದು ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಆ ಶಕ್ತಿಯ ಒಂದು ಕಣ ಉಷ್ಣತೆಯ ಲೆಕ್ಕದಲ್ಲಿ ಸುಮಾರು 0.24 ಕೆಲ್ವಿನ್. ಅದಕ್ಕಿಂತ ಬಹಳ ತಣ್ಣಗಿರದಿದ್ದರೆ ಸುತ್ತಲಿನ ಶಾಖವೇ ಅದರ ಬರಹ ಅಳಿಸುತ್ತದೆ. ನನ್ನ ಒಂದು ಸಡಿಲ ಸ್ಕ್ರೂ ಮಾಡಿದ್ದನ್ನು ನೆನೆಸಿಕೊಳ್ಳಿ, ಸಾವಿರ ಕ್ಯೂಬಿಟ್ಟಿಗೆ ಎಷ್ಟು ತಂತಿ, ಎಷ್ಟು ಸ್ಕ್ರೂ! ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಒಂದೊಂದು ಕಣದ ಮಟ್ಟದಲ್ಲಿ ಹೇಳಬಲ್ಲವರು ಆ ಯಂತ್ರಕ್ಕೆ ಬೇಕೇ ಬೇಕು. ಅಳತೆಯ ಗುರಿಯೂ ಅದೇ. 20 ಗಿಗಾಹರ್ಟ್ಸಿನ ಒಂದೇ ಒಂದು ಮೈಕ್ರೊವೇವ್ ಕಣವನ್ನು ನನ್ನ ಆ ತಾಮ್ರದ ಪಟ್ಟಿ ನುಂಗಿದರೆ ಅದರ ಎಲೆಕ್ಟ್ರಾನುಗಳು 10ರಿಂದ 11 ಮಿಲಿಕೆಲ್ವಿನ್ ದಾಟಿ ಏರುತ್ತವೆ. ಅದು ಅಳತೆಗೆ ನಿಲುಕುವ ಏರಿಕೆ. ಕೋಣೆಯ ಉಷ್ಣತೆಯಲ್ಲಿ ಅದೇ ಪಟ್ಟಿಯ ಎಲೆಕ್ಟ್ರಾನುಗಳಿಗೆ 30,000 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ, ಒಂದು ಕಣದ ಸುಳಿವೂ ಸಿಗುವುದಿಲ್ಲ.

ಇದರ ಜೊತೆಗೆ, ಇಂದು ನಮ್ಮ ಮೊಬೈಲುಗಳ ಚಿಪ್ಪುಗಳು ಒಂದು ಬಿಟ್ ಅಳಿಸಲು ಲಾಂಡವರ್ ಮಿತಿಗಿಂತ ಸಾವಿರಾರು ಪಟ್ಟು ಶಕ್ತಿ ಸುಡುತ್ತವೆ. ಡೇಟಾ ಸೆಂಟರುಗಳ ಶಾಖ ಎತ್ತಿ ಹೊರಗೆ ಹಾಕುವುದು ನಿಮ್ಮಂಥವರ ಕಸುಬಿನ ದೊಡ್ಡ ಭಾಗವೇ ಆಗುತ್ತಿದೆ. ಎಲ್ಲಿಯವರೆಗೆ ಕಡಿಮೆ ಮಾಡಬಹುದು, ಎಲ್ಲಿ ಪ್ರಕೃತಿ ಸಾಕು ಎನ್ನುತ್ತದೆ ಎಂಬುದು ಗೊತ್ತಿರಬೇಕು. ಆದರೆ ಮನಸ್ಸು ಬಿಚ್ಚಿ ಹೇಳುತ್ತೇನೆ, ನಾನು ಆ ಆರು ವರ್ಷ ಅಲ್ಲಿ ಕೂತದ್ದು ಉಪಯೋಗಕ್ಕಾಗಿ ಅಲ್ಲ. ಶಾಖ ಎಂದರೇನು ಎಂದು ಕೇಳಿದರೆ ಶಾಲೆಯಲ್ಲಿ ನನಗೆ ಸಿಕ್ಕ ಉತ್ತರ ಕಣಗಳ ಓಡಾಟ ಎಂದು. ಆ ಓಡಾಟವನ್ನು ಒಂದೊಂದು ಕಣವಾಗಿ ನೋಡಬೇಕೆನಿಸಿತು, ನೋಡಿದೆ.

ನೋಡಲು ಸಿಗುತ್ತದೆಯೇ ಎಂದಿರಿ. ಸಿಗುತ್ತದೆ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂಥ ಫ್ರಿಜ್ಜುಗಳಿವೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ ಇಂಥ ಕೆಲಸಗಳಿಗೇ ಬೆಂಬಲವಾಗಿ ನಿಂತಿದೆ. ಬೆಂಗಳೂರಿನ ಸಂಸ್ಥೆ ವರ್ಷಕ್ಕೊಮ್ಮೆ ಓಪನ್ ಡೇ ಇಟ್ಟು ಎಲ್ಲರನ್ನೂ ಒಳಗೆ ಬಿಡುತ್ತದೆ. ಮಗನನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ರಾತ್ರಿ ಗಾಡಿ ಹತ್ತಿ. ತೆರೆದಿಟ್ಟ ಯಂತ್ರವಿದ್ದರೆ ಚಿನ್ನದ ಲೇಪ ಕೊಟ್ಟ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು ತೂಗುತ್ತಿರುತ್ತವೆ: ಮೇಲಿನದು ಸುಮಾರು 50 ಕೆಲ್ವಿನ್ನಿಗೆ, ಆಮೇಲೆ 4, ಆಮೇಲೆ ಒಂದಕ್ಕಿಂತ ಕಡಿಮೆ, ತೀರ ಕೆಳಗಿನದು 10 ಮಿಲಿಕೆಲ್ವಿನ್ನಿಗೆ. ಕೊಳವೆಗಳ ಬೆಸುಗೆ ನೋಡಿ, ನಿಮ್ಮ ಬ್ರೇಜಿಂಗ್ ಕೈಗೆ ಅದು ಹೇಗೆ ಕಾಣುತ್ತದೆ ಎಂದು ನನಗೆ ಬರೆದು ತಿಳಿಸಿ. ಓಡುತ್ತಿರುವ ಯಂತ್ರವಾದರೆ ಮುಚ್ಚಿರುತ್ತದೆ, ಕಾಣುವುದು ಬಿಳಿ ಸಿಲಿಂಡರ್ ಮಾತ್ರ. ಆಗ ಕಿವಿಗೊಡಿ. ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಸಲ ಚಿಕ್, ಚಿಕ್ ಎಂದು ಸಪ್ಪಳ ಬರುತ್ತಿರುತ್ತದೆ. ಅದು ಮೇಲಿನ ತಟ್ಟೆಗಳನ್ನು ತಣ್ಣಗಿಡುವ ಪಲ್ಸ್ ಟ್ಯೂಬಿನ ಕವಾಟ, ಒಳಗೆ ಹೀಲಿಯಂ ಹಿಗ್ಗಿ ಕುಗ್ಗುವ ಸಪ್ಪಳ. ಆ ಹೀಲಿಯಮ್ಮನ್ನು ತಳ್ಳುವ ಕಂಪ್ರೆಸರ್ ಬಹುಶಃ ಪಕ್ಕದ ಕೋಣೆಯಲ್ಲಿರುತ್ತದೆ. ಅದನ್ನು ನಿಮಗೆ ಯಾರೂ ತೋರಿಸಿಕೊಡಬೇಕಾಗಿಲ್ಲ.